ರಾಜಿ ಕಾಗದ

ಫೆಬ್ರವರಿ 5, ಸೋಮವಾರ

ಹೊಸ ವರ್ಷಕ್ಕೆ ಫ್ಯಾಕ್ಟರಿಯವರು ಕೊಟ್ಟ ಡೈರಿ ಇದು. ಸೂಪರ್‌ವೈಸರ್‌ಗಳಿಗೆ ಡೈರಿ, ಟೈಲರ್‌ಗಳಿಗೆ ಕ್ಯಾಲೆಂಡರ್, ಹೆಲ್ಪರ್‌ಗಳಿಗೆ ಒಂದೊಂದು ಲಾಡು. ತಿಂಗಳು ಕಳೆದರೂ ಒಂದು ಗೆರೆ ಬರೆದಿರಲಿಲ್ಲ. ಇವತ್ತು ಎಲ್ಲಾದರೂ ಕಕ್ಕದಿದ್ದರೆ ನನ್ನ ತಲೆ ಸಿಡಿದು ಹೋಗುತ್ತೆ.

ಬೆಳಗಾದರೆ ಅತ್ತೆಯ ಬೆಳ್ಳುಳ್ಳಿ ಪುರಾಣ. ಕೆಜಿಗೆ ನಾನ್ನೂರು ದಾಟಿದೆ ಅಂತ ಕಾಲು ಕೆಜಿ ಬೆಳ್ಳುಳ್ಳಿಯನ್ನು ಬೀರುವಿನಲ್ಲಿ ನನ್ನ ಮದುವೆ ಸೀರೆಯ ಪಕ್ಕ ಇಟ್ಟು ಬೀಗ ಹಾಕಿಕೊಂಡಿದ್ದಾರೆ. ಒಗ್ಗರಣೆಗೆ ಎರಡು ಎಸಳು ಕೇಳಿದರೆ, "ಬಂಗಾರ ಕೇಳು ಕೊಡ್ತೀನಿ, ಬೆಳ್ಳುಳ್ಳಿ ಕೇಳ್ಬೇಡ ಕಣಮ್ಮಿ" ಅಂದರು. ನಮ್ಮತ್ತೆ ಪುಟ್ಟಬಸಮ್ಮನವರ ಹತ್ತಿರ ಬಂಗಾರ ಎಲ್ಲಿದೆ ಅಂತ ಹದಿನಾಲ್ಕು ವರ್ಷದಿಂದ ನಾನೂ ಹುಡುಕುತ್ತಿದ್ದೇನೆ.

ಫ್ಯಾಕ್ಟರಿಗೆ ಹೋದರೆ ಅಲ್ಲೂ ಬೆಲೆಯದ್ದೇ ಗಲಾಟೆ. ಊಟದ ಗಂಟೆ ಮುಗಿದರೂ ನನ್ನ ಲೈನಿನ ಹದಿನೆಂಟು ಹುಡುಗೀರೂ ಮಿಷಿನ್ ಮುಂದೆ ಕೈ ಕಟ್ಟಿಕೊಂಡು ಕೂತರು. ಹುಡುಗೀರು ಅಂದರೆ ಎಲ್ಲರೂ ಹುಡುಗೀರಲ್ಲ. ಭೀಮನಬೀಡಿನ ಮಲ್ಲಿಗಮ್ಮನಿಗೆ ಐವತ್ತು ದಾಟಿದೆ. ಅವಳು ಹೊಲಿಯುವುದಿಲ್ಲ, ಹೊಲಿದ ಅಂಗಿಯ ದಾರದ ತುದಿ ಕತ್ತರಿಸುತ್ತಾಳೆ. ಆದರೂ ನನಗೆ ಎಲ್ಲರೂ ನಮ್ಮ ಹುಡುಗೀರೇ. ಗುಂಡ್ಲುಪೇಟೆಯಲ್ಲಿ ಈ ಗಾರ್ಮೆಂಟ್ಸ್ ಶುರುವಾದ ಜುಲೈ ತಿಂಗಳಲ್ಲಿ ಒಂದೇ ದಿನ ಕೆಲಸಕ್ಕೆ ಸೇರಿದವರು ನಾವು.

ಚಾಮರಾಜನಗರದ ದೊಡ್ಡ ಯೂನಿಟ್ಟಿನಿಂದ ಎಚ್.ಆರ್. ದಿಲೀಪ್ ಬುಲೆಟ್ ಹತ್ತಿಕೊಂಡು ಓಡಿ ಬಂದ. ಹಂಗಳದ ಶಿವಲಕ್ಷ್ಮಿ ಎದ್ದು ನಿಂತಳು. "ಬೇಳೆ ನೂರೆಂಬತ್ತಾಯ್ತು, ಅಕ್ಕಿ ಅರವತ್ತಾಯ್ತು. ನಮ್ ಸಂಬಳ ಮಾತ್ರ ಓದ್ ವರ್ಷದ್ದೇ. ತುಟ್ಟಿಭತ್ಯೆ ಅಂತ ಒಂದದಂತಲ್ಲ ಸಾರ್, ಅದ್ ಯಾವಾಗ ಬತ್ತದೆ?" ಅಂದಳು. ಮಲ್ಲಿಗಮ್ಮ ಕೂತಲ್ಲಿಂದಲೇ, "ನಾನಂತೂ ಬೇಳೆ ಮಖ ನೋಡಿ ತಿಂಗ್ಳಾಯ್ತು. ಬರೀ ಉಳಿ ನೀರು" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಸೂಪರ್‌ವೈಸರ್ ನಗಬಾರದು ಅಂತ ಆಮೇಲೆ ನೆನಪಾಯಿತು.

ಹೆಡ್ ಆಫೀಸಿಗೆ ಹೇಳುತ್ತೇನೆ ಅಂತ ದಿಲೀಪ್ ಮಾತು ಕೊಟ್ಟ. ಮಿಷಿನ್‌ಗಳು ಓಡಿದವು. ನಮ್ಮ ಹುಡುಗೀರು ಗಟ್ಟಿಗಿತ್ತಿಯರು ಅಂತ ಮನಸ್ಸಿನಲ್ಲೇ ಹೆಮ್ಮೆಪಟ್ಟೆ.

ಫೆಬ್ರವರಿ 14, ಬುಧವಾರ

ಊಟದ ಹೊತ್ತಿನಲ್ಲಿ ಶಿವಲಕ್ಷ್ಮಿ ತನ್ನ ಗುಟ್ಟು ಹೇಳಿದಳು. ಜುಲೈಗೆ ಐದು ವರ್ಷ ತುಂಬುತ್ತಲ್ಲ, ಐದು ತುಂಬಿದವರು ಕೆಲಸ ಬಿಟ್ಟರೆ ಒಂದು ಗಂಟು ಗ್ರಾಚ್ಯುಟಿ ಸಿಗುತ್ತೆ. ಅದರಲ್ಲಿ ಮೋಟರ್ ಮಿಷಿನ್ ತಗೊಂಡು ಹಂಗಳದ ಬಸ್‌ಸ್ಟ್ಯಾಂಡ್ ಹತ್ತಿರ ಅಂಗಡಿ ಇಡುತ್ತಾಳಂತೆ. "ಬೋರ್ಡಲ್ಲಿ ಬ್ಲೌಸ್ ಅರ್ಧ ಗಂಟೇಲಿ ಅಂತ ಬರೆಸ್ತೀನಿ ಕಣಕ್ಕ" ಅಂದಳು. ಅವಳು ಮಾಡಿಯಾಳು. ಆ ಕೈಗೆ ಅಷ್ಟು ಚುರುಕು ಇದೆ.

ನಾನು ಸೇರಿದ ಮೊದಲ ವಾರವೇ ಸೂಜಿ ಬೆರಳಿಗೆ ಹೊಕ್ಕು ಉಗುರು ಸೀಳಿತ್ತು. ಟಾರ್ಗೆಟ್ ಮುಟ್ಟದವರನ್ನು ಶನಿವಾರ ಮನೆಗೆ ಕಳಿಸುತ್ತಾರೆ ಅಂತ ಗುಲ್ಲು. ಶಿವಲಕ್ಷ್ಮಿ ತನ್ನ ಕಾಲರ್‌ಗಳನ್ನು ಮುಗಿಸಿ, ನನ್ನ ಕಟ್ಟನ್ನೂ ಎಳೆದುಕೊಂಡು ಆರು ದಿನ ಹೊಲಿದುಕೊಟ್ಟಳು. ನಾನು ಪಟ್ಟಿ ಸುತ್ತಿದ ಬೆರಳು ಮರೆಮಾಡಿಕೊಂಡು ಸುಮ್ಮನೆ ಪೆಡಲ್ ಒತ್ತುತ್ತಿದ್ದೆ. ಅವತ್ತು ಅವಳಿಲ್ಲದಿದ್ದರೆ ಇವತ್ತು ನಾನು ಸೂಪರ್‌ವೈಸರೂ ಇಲ್ಲ, ಎಂಥದೂ ಇಲ್ಲ.

ಫೆಬ್ರವರಿ 26, ಸೋಮವಾರ

ದಿಲೀಪ್ ಮೂರು ಜನ ಸೂಪರ್‌ವೈಸರ್‌ಗಳನ್ನು ಒಳಗೆ ಕರೆದು ಬಾಗಿಲು ಹಾಕಿದ. ಮೇಜಿನ ಮೇಲೆ ಒಂದು ಕಟ್ಟು ಕಾಗದ. ತಲೆಯ ಮೇಲೆ ಮಾತ್ರ ಕನ್ನಡ: ರಾಜೀನಾಮೆ ಪತ್ರ. ಕೆಳಗೆಲ್ಲ ಇಂಗ್ಲಿಷ್.

ಏಪ್ರಿಲ್‌ಗೆ ತುಟ್ಟಿಭತ್ಯೆ ಏರುತ್ತಂತೆ. ದಾರ ತುಟ್ಟಿ, ಕರೆಂಟ್ ತುಟ್ಟಿ, ಹೊರದೇಶದ ಗಿರಾಕಿ ಮಾತ್ರ ಹಳೇ ರೇಟಿನ ಮೇಲೆ ಒಂದು ಕಾಸು ಬಿಚ್ಚುವುದಿಲ್ಲವಂತೆ. ಹೀಗಾಗಿ ಸೂಪರ್‌ವೈಸರ್‌ಗಳನ್ನು ಬಿಟ್ಟು ಐದು ವರ್ಷ ತುಂಬದವರೆಲ್ಲ ತಿಂಗಳ ಕೊನೆಗೆ ಕೆಲಸ ಬಿಟ್ಟ ಹಾಗೆ ಬರೆದುಕೊಡಬೇಕು. ಮಾರನೇ ದಿನವೇ ಕಂಟ್ರಾಕ್ಟರ್ ಕಡೆಯಿಂದ ಹೊಸಬರಾಗಿ ಸೇರಬೇಕು. ಆರ್ಡರ್ ಇದ್ದ ದಿನ ಕರೆ, ಇಲ್ಲದ ದಿನ ಮನೆ.

"ಕೂಲಿ ಏರಿಸದೆ ಇರೋದು ನಮ್ ಕೈಲಿಲ್ಲ ಮೇಡಂ. ದಿನ ಇಳಿಸೋದು ನಮ್ ಕೈಲಿದೆ" ಅಂದ ದಿಲೀಪ್. "ಇದಕ್ಕೆ ಫ್ಲೆಕ್ಸಿಬಲ್ ಅಂತಾರೆ."

"ಎಲಾಸ್ಟಿಕ್ ಅನ್ನಿ ಸಾರ್" ಅಂದೆ. ಅವನಿಗೆ ತಮಾಷೆ ಹತ್ತಲಿಲ್ಲ. ಎಲಾಸ್ಟಿಕ್ ಹೊಲಿದವಳಿಗೆ ಗೊತ್ತು, ಎಳೆದೆಳೆದು ಒಂದು ದಿನ ಅದು ಜೋತು ಬೀಳುತ್ತೆ.

ಆಮೇಲೆ ಅವನು ಇನ್ನೊಂದು ಮಾತು ಹೇಳಿದ. ಮುಂದೆ ಮೂರು ಲೈನ್‌ಗೆ ಇಬ್ಬರೇ ಸೂಪರ್‌ವೈಸರ್ ಸಾಕಂತೆ. ಯಾರ ಲೈನಿನ ಸಹಿ ಮೊದಲು ಮುಗಿಯುತ್ತೋ ನೋಡೋಣ ಅಂತ ನಕ್ಕ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಹೊಡೆಯುವುದು ಮಾತ್ರ ನಾವು.

ಮನೆಗೆ ಬಂದು ಇವರಿಗೆ ಏನೂ ಹೇಳಲಿಲ್ಲ. ತೆರಕಣಾಂಬಿ ಮಾರ್ಕೆಟ್ಟಿನಿಂದ ಕೇರಳಕ್ಕೆ ತರಕಾರಿ ಹೊತ್ತು ತಿರುಗುವ ನಮ್ಮ ಪಿಕಪ್ಪಿಗೆ ಇನ್ನೂ ಎರಡು ವರ್ಷದ ಕಂತು ಇದೆ. ಇವರು ಊಟಕ್ಕೆ ಕೂತು ಕ್ಲಚ್ ಪ್ಲೇಟ್ ಹೋಗಿದೆ ಅಂದರು. ನಾನು ಹೂಂಗುಟ್ಟಿದೆ.

ಫೆಬ್ರವರಿ 27, ಮಂಗಳವಾರ

ಹದಿನೆಂಟೂ ಸಹಿ ಆಯಿತು. ಮಧ್ಯಾಹ್ನ ಮೂರರೊಳಗೆ. ನಮ್ಮ ಲೈನೇ ಮೊದಲು. ತಲೆನೋವು. ಮಲಗುತ್ತೇನೆ.

ಫೆಬ್ರವರಿ 28, ಬುಧವಾರ

ನಿದ್ದೆ ಬರಲಿಲ್ಲ. ಸೆಖೆ ಈಗಲೇ ಶುರುವಾಗಿದೆ.

ನಾನೇನೂ ಸುಳ್ಳು ಹೇಳಿಲ್ಲ. ಅದನ್ನು ಇಲ್ಲಿ ಸರಿಯಾಗಿ ಬರೆದಿಡಬೇಕು. ಮೊದಲು ಕಾಗದ ಹೋದದ್ದು ಮಲ್ಲಿಗಮ್ಮನ ಕೈಗೆ, ದಾನೇಶ್ವರಿಯನ್ನು ದಾನವ್ವ ಮಾಡಿದವಳ ಕೈಗೆ. ಅವಳು ಕಣ್ಣಿನ ಹತ್ತಿರ ಹಿಡಿದು "ರಾ... ಜೀ..." ಅಂತ ಕೂಡಿಸಿದಳು. ಅವಳ ಓದು ಅಷ್ಟಕ್ಕೇ ನಿಂತಿತು. ಮುಖ ಅರಳಿತು. "ರಾಜಿನಾ? ಕಂಪ್ನಿಯೋರು ರಾಜಿಗ್ ಬಂದ್ರಾ ದಾನವ್ವ? ತುಟ್ಟಿ ದುಡ್ ಕೊಡಕ್ಕೆ ಒಪ್ಕಂಡ್ರಾ?" ಅಂದಳು. ನಾನು ಹೂಂ ಅಂದೆ.

ಅಷ್ಟೇ. ರಾಜಿ ಅಂದವಳು ಅವಳು. ಲೈನಿಗೆಲ್ಲ ಕೇಳುವ ಹಾಗೆ "ರಾಜಿ ಆಯ್ತಂತೆ ಕಣ್ರಮ್ಮಿ!" ಅಂತ ಕೂಗಿದವಳೂ ಅವಳೇ. ಪಕ್ಕದ ಮಿಷಿನ್ನಿನ ದೊಡ್ಡಮಲ್ಲಮ್ಮ ಚಪ್ಪಾಳೆ ತಟ್ಟಿದಳು. ನಾನು ಕಾಗದ ಹಂಚಿದೆ, ಪೆನ್ನು ಕೊಟ್ಟೆ. ನ್ಯಾಯ ಪಂಚಾಯ್ತಿಯಲ್ಲಿ ಎರಡೂ ಕಡೆಯವರು ಒಪ್ಪಿ ಸಹಿ ಹಾಕುವುದಕ್ಕೆ ಹಳ್ಳಿಯಲ್ಲಿ ರಾಜಿ ಅನ್ನುತ್ತಾರೆ. ಇಲ್ಲೂ ಒಂದು ಥರ ಹಾಗೇ ತಾನೆ? ಕಂಪನಿ ಉಳಿದರೆ ಕೆಲಸ ಉಳಿಯಿತು. ಪೂರ್ತಿ ಮುಚ್ಚಿಕೊಂಡು ಹೋಗಿದ್ದರೆ?

ಶಿವಲಕ್ಷ್ಮಿ ಏಳನೇ ಕ್ಲಾಸು ಓದಿದವಳು. ಅವಳು ಓದುತ್ತಾಳೆ, ಓದಿ ಕೇಳುತ್ತಾಳೆ, ಆಗ ಹೇಳಿಬಿಡೋಣ ಅಂದುಕೊಂಡಿದ್ದೆ. ಅವಳು ಮಿಷಿನ್ ನಿಲ್ಲಿಸಲೂ ಇಲ್ಲ. "ನೀನ್ ನೋಡಿದ್ದೀಯಲ್ಲಕ್ಕ, ಸಾಕು ಬುಡು" ಅಂತ ಅಂಗಿಯ ಮೇಲೇ ಕಾಗದ ಇಟ್ಟು ಗೀಚಿಕೊಟ್ಟಳು. ಓದದೆ ಸಹಿ ಹಾಕಿದರೆ ತಪ್ಪು ಯಾರದು?

ಮಾರ್ಚ್ 8, ಶುಕ್ರವಾರ

ಶಿವರಾತ್ರಿ. ದೇವಸ್ಥಾನಕ್ಕೆ ಅಂತ ಮದುವೆ ಸೀರೆ ತೆಗೆದರೆ ಘಮ್ಮೆಂದು ಬೆಳ್ಳುಳ್ಳಿ! ನಾನು ಸಾಲಿನಲ್ಲಿ ನಿಂತರೆ ಮುಂದಿನವರು ತಿರುಗಿ ತಿರುಗಿ ನೋಡುತ್ತಾರೆ. ಉಪವಾಸದ ದಿನ ಇವಳು ಏನು ತಿಂದು ಬಂದಳಪ್ಪ ಅಂತ. ಅತ್ತೆ ಹಿಂದಿನಿಂದ, "ಕೇಳಿದ್ರೆ ಎಣ್ಣೆ ಅನ್ನು" ಅಂತ ಪಿಸುಗುಟ್ಟಿದರು. ತುಂಬಾ ದಿನದ ಮೇಲೆ ನಕ್ಕೆ.

ಸೂಪರ್‌ವೈಸರ್ ಕೆಲಸ ನನ್ನದೇ ಉಳಿಯಿತು. ಮೂರನೇ ಲೈನಿನವಳನ್ನು ಮಿಷಿನ್‌ಗೆ ಕೂರಿಸಿದರು. ಎರಡು ಲೈನೂ ಈಗ ನನಗೇ. ಕ್ಲಚ್ ಪ್ಲೇಟ್ ಹಾಕಿಸಿದೆವು.

ಏಪ್ರಿಲ್ 2, ಮಂಗಳವಾರ

ಹುಡುಗೀರಿಗೆ ಹಸಿರು ದಾರದ ಹೊಸ ಐಡಿ ಕಾರ್ಡ್ ಬಂದಿದೆ. ನನ್ನದು ಹಳೇ ನೀಲಿಯೇ. ದಿನದ ಕೂಲಿ ಏರಿದ್ದು ಕಂಡು ಎಲ್ಲರಿಗೂ ಖುಷಿ. ಮಲ್ಲಿಗಮ್ಮ ಒಂದು ಕೆಜಿ ತೊಗರಿಬೇಳೆ ತಗೊಂಡಳಂತೆ, ಮೆರವಣಿಗೆ ಮಾಡುವುದೊಂದು ಬಾಕಿ. ಮಾರ್ಚಿನಲ್ಲಿ ಹದಿನಾರೇ ದಿನ ಕೆಲಸ ಸಿಕ್ಕಿತಲ್ಲ ಅಂತ ಯಾರೋ ಗೊಣಗಿದರೆ ಅವಳೇ ಸಮಾಧಾನ ಹೇಳಿದಳು: "ದಿನ ಕಮ್ಮಿ, ಕೂಲಿ ಜಾಸ್ತಿ. ರಾಜಿ ಅಂದ್ಮೇಲೆ ನಾವೂ ವಸಿ ಬುಟ್ಕೊಡ್ಬೇಕಲ್ವ್ರಾ?" ನಾನು ಪ್ರೊಡಕ್ಷನ್ ಬೋರ್ಡ್ ಬರೆಯುತ್ತಿದ್ದೆ.

ಈಗ ಸಂಜೆ ಆರಕ್ಕೆ ಪಟ್ಟಿ ಬರುತ್ತೆ. ನಾಳೆ ಎಷ್ಟು ಜನ ಬೇಕು ಅಂತ. ಅಷ್ಟು ಜನಕ್ಕೆ ನಾನು ಫೋನ್ ಮಾಡಬೇಕು. ಫೋನ್ ಬಂದವರಿಗೆ ನಾಳೆ ಕೆಲಸ, ಬಾರದವರಿಗೆ ಇಲ್ಲ.

ಏಪ್ರಿಲ್ 18, ಗುರುವಾರ

ನಾಳೆಯ ಪಟ್ಟಿಯಲ್ಲಿ ಇಪ್ಪತ್ತೆರಡು ಹೆಡ್ಡು. ಸಂಜೆಯೆಲ್ಲ ಫೋನ್. "ಮೇಡಂ, ನನ್ನನ್ನ ಮರೀಬೇಡಿ" ಅಂತ ಒಬ್ಬೊಬ್ಬರೂ. ಮೊನ್ನೆ ಮೊನ್ನೆವರೆಗೂ ಅಕ್ಕ ಅನ್ನುತ್ತಿದ್ದವರು ಈಗ ಮೇಡಂ ಅನ್ನುತ್ತಾರೆ. ಒಬ್ಬಳು ಮಾವಿನಕಾಯಿ ತಂದುಕೊಟ್ಟಳು. ಬೇಡ ಅನ್ನುವುದು ಹೇಗೆ? ಅತ್ತೆ ಉಪ್ಪಿನಕಾಯಿ ಹಾಕಿದರು.

ಮೇ 3, ಶುಕ್ರವಾರ

ಬೀನ್ಸ್ ಇನ್ನೂರು. ಇವರು ದಿನಾ ಗಾಡಿ ತುಂಬ ಬೀನ್ಸ್ ಹೊತ್ತು ಕೇರಳಕ್ಕೆ ಹೋಗುತ್ತಾರೆ, ಮನೆಗೆ ಒಂದು ಹಿಡಿ ತರುವುದಿಲ್ಲ. "ಹೊರೋನಿಗೂ ತಿನ್ನೋನಿಗೂ ಸಂಬಂಧ ಇಲ್ಲ ಕಣೆ" ಅನ್ನುತ್ತಾರೆ.

ಮಲ್ಲಿಗಮ್ಮನನ್ನು ಮೂರು ವಾರದಿಂದ ಕರೆದಿಲ್ಲ. ಕಣ್ಣು ಮಂಜು. ದಾರ ಕತ್ತರಿಸಲು ಹೋಗಿ ಅಂಗಿಯನ್ನೇ ಕತ್ತರಿಸಿ ಎರಡು ಪೀಸ್ ಹಾಳು ಮಾಡಿದಳು. ಇರುವ ಹೆಡ್ಡಿನಲ್ಲೇ ಕೆಲಸ ತೆಗೆಯಬೇಕು ಅಂದರೆ ನಿಧಾನದವರನ್ನು ಎಲ್ಲಿ ಇಟ್ಟುಕೊಳ್ಳುವುದು? ಅವಳ ಮಿಸ್ ಕಾಲ್ ದಿನಾ ಎರಡು ಮೂರು ಇರುತ್ತೆ. ತೆಗೆದರೆ ಮಾತು ಬೆಳೆಯುತ್ತೆ ಅಂತ ತೆಗೆಯುವುದಿಲ್ಲ.

ಮೇ 19, ಭಾನುವಾರ

ಶಿವಲಕ್ಷ್ಮಿ ಮನೆಗೆ ಬಂದಳು. ಒಳಗೆ ಬಾ ಅಂದರೂ ಬರಲಿಲ್ಲ. ಜಗಲಿಯ ಕಂಬ ಹಿಡಿದು ನಿಂತು ಸೈಬರ್ ಅಂಗಡಿಯ ಒಂದು ಪ್ರಿಂಟ್ ಮುಂದೆ ಹಿಡಿದಳು. ಪಿ.ಎಫ್. ಎಷ್ಟಾಗಿದೆ ಅಂತ ನೋಡಿಸಲು ಹೋಗಿದ್ದಳಂತೆ. ಅದರಲ್ಲಿ ಅಚ್ಚಾಗಿತ್ತು: ಕೆಲಸ ಬಿಟ್ಟ ದಿನ, ಫೆಬ್ರವರಿ ಇಪ್ಪತ್ತೊಂಬತ್ತು. ಕಾರಣ, ರಾಜೀನಾಮೆ.

"ಇದೇನಕ್ಕ?"

ಎಲ್ಲ ಕಡೆ ಹೀಗೇ ನಡೆಯುತ್ತಿದೆ, ಮಾರ್ಕೆಟ್ ಬಿದ್ದಿದೆ, ಫ್ಲೆಕ್ಸಿಬಲ್ ಆಗಿ ಇರದಿದ್ದರೆ ಕಂಪನಿಯೇ ಉಳಿಯುವುದಿಲ್ಲ ಅಂತ ಏನೇನೋ ಹೇಳಿದೆ. ನನ್ನ ಬಾಯಲ್ಲಿ ದಿಲೀಪ್ ಕೂತ ಹಾಗಿತ್ತು.

"ಅದ್ನೆಲ್ಲ ಕೇಳ್ನಿಲ್ಲ. ನಿಂಗೆ ಗೊತ್ತಿತ್ತಾ?"

"ಸಹಿ ಹಾಕುವಾಗ ನೀನು ಓದಬೇಕಿತ್ತು" ಅಂದೆ.

ಅವಳು ಪ್ರಿಂಟ್ ಮಡಚಿಕೊಂಡಳು. "ಸೂಜಿ ಹೊಕ್ಕಿದ್ ನಿನ್ ಬೆರ್ಳಿಗೆ ಮಾತ್ರ ಅಂದ್ಕಂಡಿದ್ದೆ ನಾನು, ಎದೆಗಲ್ಲ" ಅಂತ ಹೇಳಿ ಮೆಟ್ಟಿಲು ಇಳಿದು ಹೋದಳು. ಅತ್ತೆ ಒಳಗಿನಿಂದ "ಯಾರಮ್ಮಿ ಅದು?" ಅಂದರು. ಯಾರೂ ಇಲ್ಲ ಅಂದೆ.

ಮೇ 20, ಸೋಮವಾರ

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅಂತ ಅಪ್ಪ ಹೇಳುತ್ತಿದ್ದರು. ಅಡಿಕೆಯ ರೇಟು ಎಷ್ಟಿತ್ತೋ ಆಗ.

ಜೂನ್ 5, ಬುಧವಾರ

ಶಿವಲಕ್ಷ್ಮಿ ಚಾಮರಾಜನಗರಕ್ಕೆ ಹೋಗಿ ಲೇಬರ್ ಆಫೀಸಿನಲ್ಲಿ ಅರ್ಜಿ ಕೊಟ್ಟಿದ್ದಾಳೆ. ಹತ್ತೊಂಬತ್ತನೇ ತಾರೀಕು ವಿಚಾರಣೆ. ಫ್ಯಾಕ್ಟರಿಯ ಹುಡುಗೀರಿಗೆಲ್ಲ ಅವಳೇ ವಿಷಯ ಹೇಳಿದ್ದಾಳೆ. ಅರ್ಜಿಗೆ ಮಾತ್ರ ಅವಳದೊಂದೇ ಸಹಿ. ಮಿಕ್ಕವರಿಗೆ ಸಂಜೆಯ ಫೋನಿನ ಭಯ. ಎಲ್ಲಿ ಹೆಸರು ಪಟ್ಟಿಯಿಂದ ಹೋಗುತ್ತೋ ಅಂತ.

ಊಟದ ಹೊತ್ತಿನಲ್ಲಿ ನನ್ನ ಬೆಂಚಿಗೆ ಯಾರೂ ಬರುವುದಿಲ್ಲ. ಯಾರಾದರೂ ಗುಸುಗುಸು ಅಂದರೆ ನನ್ನ ಬಗ್ಗೆಯೇ ಅನ್ನಿಸುತ್ತೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಡಬ್ಬಿ ಮುಚ್ಚಿ ಅರ್ಧ ಅನ್ನ ವಾಪಸ್ ತಂದೆ. ಅತ್ತೆ ಬಯ್ದರು, ಅಕ್ಕಿ ಅರವತ್ತು ರೂಪಾಯಿ ಅಂತ.

ಜೂನ್ 16, ಭಾನುವಾರ

ನಿನ್ನೆಯಿಂದ ಡೀಸೆಲ್ ಮೂರು ರೂಪಾಯಿ ಏರಿದೆ. ಇವರು ಬೆಳಿಗ್ಗೆಯಿಂದ ಮಾರ್ಕೆಟ್ಟಿನವರಿಗೆ ಫೋನ್ ಮಾಡಿ ಬಾಡಿಗೆ ಏರಿಸಿ ಅಂತ ವಾದ ಮಾಡಿದರು. ಕೊನೆಗೆ ಒಪ್ಪಿಸಿಬಿಟ್ಟರು.

ದಿಲೀಪ್ ಶುಕ್ರವಾರ ಒಂದು ಕಾಗದ ಕೊಟ್ಟಿದ್ದಾನೆ. "ಪ್ರತಿಯೊಬ್ಬರಿಗೂ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿ, ಅವರು ಅರ್ಥ ಮಾಡಿಕೊಂಡ ನಂತರವೇ ಸಹಿ ಪಡೆದಿರುತ್ತೇನೆ." ಕೆಳಗೆ ನನ್ನ ಹೆಸರು, ದಾನೇಶ್ವರಿ ಜಿ., ಟೈಪ್ ಆಗಿದೆ. ಸಹಿ ಒಂದೇ ಬಾಕಿ. ಹತ್ತೊಂಬತ್ತಕ್ಕೆ ಅವನೇ ಲೇಬರ್ ಆಫೀಸಿಗೆ ತಗೊಂಡು ಹೋಗುತ್ತಾನಂತೆ, ನಾನು ಬರಬೇಕಾಗಿಲ್ಲವಂತೆ. ಕಾಗದ ಇದೇ ಡೈರಿಯೊಳಗೆ ಇದೆ.

ಇವತ್ತು ತಡೆಯಲಾಗದೆ ಇವರಿಗೆ ಎಲ್ಲ ಹೇಳಿದೆ. ಫೆಬ್ರವರಿಯಿಂದ ಇವತ್ತಿನವರೆಗೆ. ನಮ್ಮವರು, ಗುರುಪಾದಸ್ವಾಮಿ, ಹೆಚ್ಚು ಮಾತಿನ ಆಸಾಮಿಯಲ್ಲ. ಗಾಡಿಯ ಗ್ರೀಸ್ ಕೈಯನ್ನು ಒರೆಸಿಕೊಂಡು ಹೇಳಿದರು.

"ಡೀಸೆಲ್ ಏರ್ತು, ನಾನು ಬಾಡಿಗೆ ಏರಿಸ್ದೆ. ಮಾರ್ಕೆಟ್ನೋರು ತರಕಾರಿ ರೇಟ್ ಏರಿಸ್ತಾರೆ. ನಿಮ್ ಕಂಪ್ನಿಯೋರು ದಿನ ಇಳಿಸಿದ್ರು. ಆ ಹೆಣ್ಮಕ್ಳು ಏನ್ ಏರಿಸ್ತಾರೆ, ಏನ್ ಇಳಿಸ್ತಾರೆ ಹೇಳು?"

"ಕಂತು ಯಾರು ಕಟ್ಟುತ್ತಾರೆ, ಅದನ್ನು ಹೇಳಿ ಮೊದಲು" ಅಂತ ಕೂಗಾಡಿದೆ. ಅವರು ಗಾಡಿ ಹತ್ತಿ ತೆರಕಣಾಂಬಿಗೆ ಹೋದರು. ಉತ್ತರ ಕೊಟ್ಟಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.

ಜೂನ್ 18, ಮಂಗಳವಾರ

ನಾಳೆ ರಜೆ ಹಾಕಿದ್ದೇನೆ. ಹಲ್ಲುನೋವು. ಚಾಮರಾಜನಗರದಲ್ಲಿ ಒಳ್ಳೆ ಹಲ್ಲಿನ ಡಾಕ್ಟರ್ ಇದ್ದಾರಂತೆ.

ಜೂನ್ 19, ಬುಧವಾರ

ಹಲ್ಲು ತೋರಿಸಲಿಲ್ಲ.

ಬಸ್ಸಿನಲ್ಲಿ ಕಂಡಕ್ಟರ್ ಆಧಾರ್ ಕಾರ್ಡ್ ನೋಡಿ ಸೊನ್ನೆ ಟಿಕೆಟ್ ಹರಿದುಕೊಟ್ಟ. ದುಡ್ಡಿಲ್ಲ ಅಂತ ವಾಪಸ್ ಬರುವ ನೆಪವೂ ಇರಲಿಲ್ಲ. ಬಸ್‌ಸ್ಟ್ಯಾಂಡ್‌ನಲ್ಲಿ ಇಳಿದು ಎರಡು ಸಲ ಗುಂಡ್ಲುಪೇಟೆ ಬಸ್ಸಿನ ಹತ್ತಿರ ಹೋಗಿ ನಿಂತೆ. ಆಮೇಲೆ ಯಾರನ್ನೋ ಲೇಬರ್ ಆಫೀಸ್ ಎಲ್ಲಿ ಅಂತ ಕೇಳಿದೆ. ಕೇಳಿದ್ದು ನಾನೇನಾ ಅನ್ನಿಸಿತು.

ಮೊದಲ ಮಹಡಿ. ಶಿವಲಕ್ಷ್ಮಿ ಗೋಡೆ ಕಡೆಯ ಕುರ್ಚಿಯಲ್ಲಿ ಒಬ್ಬಳೇ ಇದ್ದಳು. ನನ್ನನ್ನು ಕಂಡು ಮುಖ ತಿರುಗಿಸಿದಳು, ಕಂಪನಿ ಕಡೆಯಿಂದ ಬಂದಿದ್ದೇನೆ ಅಂತ. ದಿಲೀಪನೂ ಹಾಗೇ ತಿಳಿದ. "ಬಂದ್ರಾ ಮೇಡಂ, ಒಳ್ಳೇದಾಯ್ತು. ಆ ಲೆಟರ್?" ಅಂತ ಕೈ ಚಾಚಿದ. ಡೈರಿಯಿಂದ ತೆಗೆದು ಕೊಟ್ಟೆ. ಸಹಿ ಇಲ್ಲದ್ದು ನೋಡಿ, "ಮರ್ತಿದ್ದೀರಿ" ಅಂತ ತನ್ನ ಪೆನ್ನು ಕೊಟ್ಟ. ಮರೆತಿಲ್ಲ ಅಂದೆ. ಪೆನ್ನು ವಾಪಸ್ ಕೊಟ್ಟೆ.

ಆಫೀಸರ್ ಹೆಂಗಸು. ನನ್ನ ಅತ್ತಿಗೆಯ ವಯಸ್ಸಿರಬೇಕು. ಕಾಗದಗಳನ್ನೆಲ್ಲ ನೋಡಿ ಕನ್ನಡಕ ತೆಗೆದು ನನ್ನನ್ನು ಕೇಳಿದರು.

"ಸಹಿ ಹಾಕಿಸಿಕೊಂಡವರು ನೀವೇನಾ?"

"ಹೌದು ಮೇಡಂ."

"ಓದಿ ಹೇಳಿದ್ರಾ?"

"ಇಲ್ಲ."

"ಮತ್ತೆ ಏನಂತ ಹೇಳಿದ್ರಿ?"

"ರಾಜಿ ಕಾಗದಾನಾ ಅಂತ ಕೇಳಿದ್ರು. ಹೂಂ ಅಂದೆ."

"ಅದು ರಾಜೀನಾಮೆ ಅಂತ ನಿಮಗೆ ಗೊತ್ತಿತ್ತಾ?"

ದಿಲೀಪ್ ಕೆಮ್ಮಿದ. ಶಿವಲಕ್ಷ್ಮಿ ತಲೆ ಎತ್ತಿದಳು. "ಗೊತ್ತಿತ್ತು" ಅಂದೆ. ಹೇಳಿದ ಮೇಲೆ ಅಳು ಬಂತು. ಆ ಜನರೆದುರು ಅತ್ತದ್ದಕ್ಕೆ ಈಗಲೂ ನಾಚಿಕೆ.

ನನ್ನ ಹೇಳಿಕೆ ಬರೆದುಕೊಂಡರು. ಶಿವಲಕ್ಷ್ಮಿಯ ಹಳೇ ಕೆಲಸ ಮುರಿದಿಲ್ಲ ಅಂತಲೇ ಇಟ್ಟುಕೊಂಡು ಮುಂದಿನ ತಾರೀಕಿಗೆ ಕಂಪನಿ ಉತ್ತರ ಕೊಡಬೇಕು ಅಂದರು. ಬೇರೆಯವರದು? ಅಂತ ನಾನೇ ಕೇಳಿದೆ. ಅರ್ಜಿ ಕೊಟ್ಟವರದನ್ನು ಮಾತ್ರ ನೋಡಲಿಕ್ಕಾಗುವುದು ಅಂದರು.

ಮೆಟ್ಟಿಲು ಇಳಿಯುವಾಗ ಶಿವಲಕ್ಷ್ಮಿ ನಿಂತಳು. ಥ್ಯಾಂಕ್ಸ್ ಗೀಂಕ್ಸ್ ಏನೂ ಇಲ್ಲ. "ಫ್ಯಾಕ್ಟ್ರಿಗ್ ಬರೋರ್ಗೆಲ್ಲ ನಾನ್ ಏಳಿವ್ನಿ. ಮಲ್ಲಿಗಮ್ಮಂಗೆ ಮಾತ್ರ ಏಳಿಲ್ಲ. ಅವ್ಳಿನ್ನೂ ರಾಜಿ ಅಂತ್ಲೇ ಕೂತವ್ಳೆ ಮನೇಲಿ."

"ನೀನೇ ಹೇಳಿಬಿಡು ಮಾರಾಯ್ತಿ."

"ನಾನೇಳಾಕಿಲ್ಲ. ಸಹಿ ಆಕ್ಸ್ದೋಳು ನೀನು, ನೀನೇ ಏಳು."

ಒಂದೇ ಬಸ್ಸಿನಲ್ಲಿ ವಾಪಸ್ ಬಂದೆವು. ಅವಳು ಮುಂದಿನ ಸೀಟು, ನಾನು ಹಿಂದಿನ ಸೀಟು.

ಜೂನ್ 20, ಗುರುವಾರ

ಗೇಟಿನಲ್ಲೇ ವಾಚ್‌ಮನ್ ತಡೆದ. ದಿಲೀಪ್ ಫೋನಿನಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದ. "ಈಗ ಲೈನ್ ಡಲ್ ಇದೆ ಮೇಡಂ. ಬೇಕಾದಾಗ ಫೋನ್ ಮಾಡ್ತೀವಿ."

ಅತ್ತೆಗೆ ಹೇಳಿದೆ. ಬಯ್ಯುತ್ತಾರೆ ಅಂದುಕೊಂಡೆ. ಬೀರುವಿನ ಬೀಗ ತೆಗೆದು ಒಂದು ಇಡೀ ಗಡ್ಡೆ ಬೆಳ್ಳುಳ್ಳಿ ಸುಲಿದು ಸಾರಿಗೆ ಹಾಕಿದರು.

ಜೂನ್ 23, ಭಾನುವಾರ

ಎರಡು ದಿನ ನೆಪ ಹುಡುಕಿದೆ. ಸಿಗಲಿಲ್ಲ. ಬೆಳಿಗ್ಗೆ ಭೀಮನಬೀಡಿಗೆ ಹೋದೆ.

ಮಲ್ಲಿಗಮ್ಮ ಬಾಗಿಲಲ್ಲೇ ಕೂತು ರಾಗಿ ಕೇರುತ್ತಿದ್ದಳು. ನನ್ನನ್ನು ಗುರುತು ಹಿಡಿಯಲು ಹತ್ತಿರ ಬರಬೇಕಾಯಿತು, ಕಣ್ಣು ಅಷ್ಟು ಹೋಗಿದೆ. ಗುರುತು ಸಿಕ್ಕಿದ್ದೇ ಮೊರ ಬಿಟ್ಟು ಎದ್ದಳು. "ಬಂದಾ ದಾನವ್ವ! ನೀನೇ ಕರೆಯಕ್ ಬಂದ್ಬುಟ್ಟಾ! ನೋಡು, ನನ್ ಪೋನೇ ಕೆಟ್ಟೋಗದೆ ಅಂದ್ಕಂಡು ಗುಂಡ್ಲುಪೇಟೆ ಅಂಗಡಿಗ್ ತಗಂಡೋಗಿ ತೋರ್ಸ್ದೆ. ಸರಿಯಾಗೇ ಅದೆ ಅಂದ್ಬುಟ್ಟ ಅವ್ನು." ಫೋನು ಒಳಗೆ ಗೋಡೆಯ ಮೊಳೆಯಲ್ಲಿ ಚಾರ್ಜರಿಗೆ ಸಿಕ್ಕಿಸಿಕೊಂಡೇ ನೇತಾಡುತ್ತಿತ್ತು.

ಅಂಗಡಿಯಿಂದ ಬಾಟಲಿ ಜ್ಯೂಸ್ ತರುತ್ತೇನೆ ಅಂತ ಹೊರಟಳು. ಅದೆಲ್ಲ ಬೇಡ, ನೀರು ಕೊಡು ಅಂದೆ. "ನಮ್ಮನೇದಾ?" ಅಂದಳು. ಮತ್ಯಾರ ಮನೆಯದು ಅಂದೆ. ಚೊಂಬನ್ನು ಎರಡು ಸಲ ತೊಳೆದು ತಂದಳು. ಬಾಯಾರಿತ್ತು, ಪೂರ್ತಿ ಕುಡಿದೆ.

ಅವಳಿಗೆ ಮಾತಾಡುವ ಹುರುಪು. ಎದುರುಮನೆಯ ಚಿಕ್ಕನಿಂಗಮ್ಮ ದಿನಾ ಚೆಂಡುಹೂ ಕೀಳಲು ಕರೆಯುತ್ತಾಳಂತೆ, ಬೆಳಿಗ್ಗೆ ಆರಕ್ಕೆ ಗೂಡ್ಸ್ ಆಟೋ ಬರುತ್ತಂತೆ, ಕೂಲಿಯೂ ಚೆನ್ನಾಗಿದೆಯಂತೆ. "ನಾನ್ ಓಗ್ನಿಲ್ಲ ಕಣವ್ವ. ಕಂಪ್ನಿ ಕೆಲ್ಸ ಮಡಿಕಂಡು ಹೂವ ಕೀಳಕ್ಕೋದ್ರೆ ಎಂಗೆ? ಅಷ್ಟೊತ್ನಲ್ಲಿ ನಿನ್ ಪೋನ್ ಬಂದ್ಬುಟ್ರೆ? ಜುಲೈ ಬಂದ್ರೆ ಐದ್ ವರ್ಷ ಬೇರೆ ತುಂಬ್ತದೆ. ಎಲ್ಡ್ ತಿಂಗ್ಳು ಸಾಲ ಸೋಲ ಮಾಡ್ಕಂಡು ಅಂಗೇ ತಳ್ಬುಟ್ಟೆ."

ಎಲ್ಲಿಂದ ಶುರು ಮಾಡಲಿ ಅಂತ ಗೊತ್ತಾಗಲಿಲ್ಲ. ಲೇಬರ್ ಆಫೀಸಿನಲ್ಲಿ ಶಿವಲಕ್ಷ್ಮಿಗೆ ಸಿಕ್ಕಿದ್ದ ಅವಳ ಕಾಗದದ ಜೆರಾಕ್ಸ್ ಇಸ್ಕೊಂಡು ಹೋಗಿದ್ದೆ, ಎಲ್ಲರದೂ ಒಂದೇ ಒಕ್ಕಣೆ. ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಪ್ರತಿ ಸಾಲಿಗೂ ಕನ್ನಡ ಹೇಳಿದೆ. ರಾಜಿ ಬೇರೆ, ರಾಜೀನಾಮೆ ಬೇರೆ ಅಂದೆ. ಅವತ್ತು ನನಗೆ ಗೊತ್ತಿತ್ತು ಅಂದೆ. ಫೋನ್ ಮಾಡದೆ ಇದ್ದದ್ದೂ ನಾನೇ ಅಂದೆ. ತಪ್ಪಾಯಿತು ಅಂತಲೂ ಅಂದೆ, ಆದರೆ ಅದು ಅವಳಿಗೆ ಕೇಳಿಸಿತೋ ಇಲ್ಲವೋ. ನಾನೇ ಬರೆದುಕೊಂಡು ಹೋಗಿದ್ದ ಅರ್ಜಿಯನ್ನು ಅವಳ ಮುಂದೆ ಇಟ್ಟೆ, ಇದನ್ನು ಕೊಟ್ಟರೆ ಚಾಮರಾಜನಗರದಲ್ಲಿ ಕೇಳುತ್ತಾರೆ, ನಾನೇ ಜೊತೆಗೆ ಬರುತ್ತೇನೆ ಅಂದೆ. ಅವಳು ಮುಟ್ಟಲಿಲ್ಲ. ರಾಗಿ ಕಾಳಿನ ಮೇಲೆ ಬೆರಳು ಆಡಿಸುತ್ತಾ ಕೂತಿದ್ದಳು. ಬಯ್ಯಲಿ, ಎದ್ದು ಹೊಡೆಯಲಿ ಅಂತ ಕಾದೆ.

"ಅಂಗಾರೆ ನಾನ್ ಕೆಲ್ಸ ಬುಟ್ಟು ಎಷ್ಟ್ ದಿನಾಯ್ತವ್ವ?" ಅಂದಳು.

"ಮೂರು ತಿಂಗಳು ಇಪ್ಪತ್ತೈದು ದಿನ."

ಅವಳು ಎದ್ದು ಒಳಗೆ ಹೋಗಿ ಸ್ವಿಚ್ ಆರಿಸಿದಳು. ಫೋನನ್ನು ಅಲ್ಲೇ ಮೊಳೆಗೆ ಬಿಟ್ಟು ಬಂದು, ಬಾಗಿಲಲ್ಲಿ ನಿಂತು ಎದುರುಮನೆಗೆ ಕೂಗಿದಳು. "ಚಿಕ್ಕನಿಂಗೀ, ನಾಳೆ ಹೂವಿನ್ ಆಟೋದಲ್ಲಿ ನಂಗೂ ಒಂದ್ ಜಾಗ ಮಡ್ಗವ್ವ."

ಚಿಕ್ಕನಿಂಗಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. "ಯಾಕಕ್ಕ, ಕಂಪ್ನಿ ಕೆಲ್ಸ?"

"ನಾನ್ ಬುಟ್ಬುಟ್ಟಿವ್ನಂತೆ ಕಣವ್ವ" ಅಂದಳು ಮಲ್ಲಿಗಮ್ಮ.